ಹಿಂದಿನ ರಾತ್ರಿಯೇ ಮೇಜು ಸಿಂಗರಿಸಿದರೆ ಎಲೆ ಬಾಡುತ್ತಾ?

ಕ್ರಿಸ್‌ಮಸ್ ಊಟದ ಮೇಜನ್ನು ಎಲೆ, ಪೈನ್ ಕಾಯಿಗಳಿಂದ ಹಿಂದಿನ ರಾತ್ರಿಯೇ ಸಿಂಗರಿಸಬಹುದಾ ಅಂತ ಕೇಳಿದ್ದೀರಿ. ಪೈನ್, ರೋಸ್‌ಮರಿ, ನೀಲಗಿರಿ ಎಲೆಯಾದರೆ ಧಾರಾಳವಾಗಿ ಮಾಡಿ. ಕಡ್ಡಿಗಳ ತುದಿ ಕತ್ತರಿಸಿ ಒಂದೆರಡು ಗಂಟೆ ನೀರಲ್ಲಿಡಿ, ಒರೆಸಿ, ಆಮೇಲೆ ಜೋಡಿಸಿ. ಹೂವನ್ನು ಮಾತ್ರ ಬೆಳಿಗ್ಗೆ ಸೇರಿಸಿ.

ಪೈನ್ ಕಾಯಿ ಮುದುಡಿಕೊಂಡಿದ್ದರೆ ಹಾಳಾಗಿದೆ ಅಂದುಕೊಳ್ಳಬೇಡಿ, ತೇವ ಇದೆ ಅಷ್ಟೇ. ನಾನೂ ಒಮ್ಮೆ ತೊಳೆದು ಗಾಬರಿಯಾಗಿದ್ದೆ! ಬಿಸಿಲಲ್ಲಿ ಚೆನ್ನಾಗಿ ಒಣಗಿದ ಮೇಲೆ ಎಸಳೆಸಳಾಗಿ ಬಿಚ್ಚಿಕೊಂಡಿತು.

ಅಲಂಕಾರ ಜಾಸ್ತಿ ಎತ್ತರ ಬೇಡ, ಎದುರು ಕೂತವರ ಮುಖ ಕಾಣಬೇಕಲ್ವಾ? ಮೇಣದಬತ್ತಿಯನ್ನು ಎಲೆಗಳ ನಡುವೆ ಸುಮ್ನೆ ಸಿಕ್ಕಿಸಬೇಡಿ, ಗಾಜಿನ ಲೋಟದೊಳಗಿಡಿ. ಕ್ರಿಸ್‌ಮಸ್ ಅಲಂಕಾರಕ್ಕೆ ಬಳಸುವ ಮುಳ್ಳೆಲೆಯ ‘ಹಾಲಿ’ (holly) ಗಿಡದ ಕೆಂಪು ಹಣ್ಣು ನೋಡಲು ಚೆಂದ, ಆದರೆ ತಿಂದರೆ ವಿಷ. ಚಿಕ್ಕ ಮಕ್ಕಳಿದ್ದರೆ ಅದನ್ನು ಬಿಟ್ಟುಬಿಡಿ.