ಆಸ್ಪತ್ರೆ ಚೀಟಿ ತೋರಿಸಿದರೆ ತಮ್ಮನನ್ನು ಬಿಡುತ್ತಾರಾ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಆರು ವರ್ಷದಿಂದ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಕೊಡಿಸುತ್ತಿದ್ದೇವೆ. ನಡುವೆ ಮಾತ್ರೆ ಬಿಟ್ಟ. ಪಕ್ಕದ ಮನೆಯವರು ಊಟಕ್ಕೆ ವಿಷ ಹಾಕ್ತಿದ್ದಾರೆ ಅನ್ನುತ್ತಿದ್ದವನು ಹೋದ ತಿಂಗಳು ಅವರ ತಲೆಗೆ ಸಲಿಕೆಯಿಂದ ಹೊಡೆದುಬಿಟ್ಟ. ಪುಣ್ಯಕ್ಕೆ ಅವರು ಉಳಿದರು. ತಮ್ಮ ಜೈಲಿನಲ್ಲಿದ್ದಾನೆ. ಆಸ್ಪತ್ರೆ ಚೀಟಿ ತೋರಿಸಿದರೆ ಬಿಡುತ್ತಾರೆ ಅಂತ ಊರಿನವರು, ಎಲ್ಲ ನಾಟಕ ಅಂತ ಪೊಲೀಸರು. ಯಾವುದು ನಿಜ?
– ಒಬ್ಬ ಅಕ್ಕ, ಹಾವೇರಿ ಜಿಲ್ಲೆ

ಉತ್ತರ: ಎರಡೂ ಅಲ್ಲಮ್ಮ. ಆದರೆ ಕೇಸಿಗಿಂತ ಮೊದಲು ಮಾತ್ರೆ. ಅವನು ತೆಗೆದುಕೊಳ್ಳುತ್ತಿದ್ದ ಔಷಧಿಯ ಚೀಟಿಯನ್ನು ಜೆರಾಕ್ಸ್ ಮಾಡಿಸಿ, ಒಂದು ಅರ್ಜಿ ಜೊತೆ ಜೈಲು ಸೂಪರಿಂಟೆಂಡೆಂಟರಿಗೆ ಇವತ್ತೇ ಕೊಡಿ. ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಕೈದಿಗೂ ಚಿಕಿತ್ಸೆ ಸಿಗಬೇಕು. ಒಳಗೆ ಆಗದಿದ್ದರೆ ಹೊರಗಿನ ಆಸ್ಪತ್ರೆಗೆ ಕಳಿಸಬೇಕು.

ಇನ್ನು ಕೇಸು. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ (ಹಳೆಯ ಐಪಿಸಿ 84) ರೋಗದ ಹೆಸರು ಕೇಳುವುದಿಲ್ಲ. ಹೊಡೆದ ಆ ಹೊತ್ತಿಗೆ, ತಾನು ಏನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಅನ್ನುವುದೇ ತಿಳಿಯದಷ್ಟು ಮನಸ್ಸು ಕೆಟ್ಟಿತ್ತಾ? ಇಷ್ಟೇ ಪ್ರಶ್ನೆ. ಹೌದು ಅಂತಾದರೆ ಅದು ಅಪರಾಧವಲ್ಲ. ಕಾಯಿಲೆ ಇದೆ ಅಂದಮಾತ್ರಕ್ಕೆ ವಿನಾಯಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸುರೇಂದ್ರ ಮಿಶ್ರಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಆರು ವರ್ಷದ ಫೈಲಿಗಿಂತ ಆ ಒಂದು ವಾರದ ಕಥೆ ಮುಖ್ಯ. ಮಾತ್ರೆ ಯಾವಾಗ ಬಿಟ್ಟ, ನಿದ್ದೆ ಮಾಡುತ್ತಿದ್ದನಾ, ವಿಷದ ಮಾತನ್ನು ಯಾರ ಹತ್ತಿರ ಆಡಿದ್ದ? ಹೊಡೆದ ಮೇಲೆ ಓಡಿಹೋದನಾ, ಸಲಿಕೆ ಬಚ್ಚಿಟ್ಟನಾ, ಅಲ್ಲೇ ಕೂತಿದ್ದನಾ? ನ್ಯಾಯಾಧೀಶರು ನೋಡುವುದು ಇದನ್ನೇ. ಮರೆಯುವ ಮೊದಲು ಬರೆದಿಡಿ. ನಿಮಗೆ ಅನುಕೂಲವಾಗದ ಸಂಗತಿಯನ್ನೂ ವಕೀಲರಿಂದ ಮುಚ್ಚಿಡಬೇಡಿ.

ಹೊಡೆದಾಗ ಅವನ ಮನಸ್ಸು ಹಾಗಿತ್ತು ಅಂತ ತೋರಿಸಿಕೊಡುವ ಹೊಣೆ ನಿಮ್ಮ ಕಡೆಯದು. ಆದರೆ ಸರ್ಕಾರಿ ವಕೀಲರ ಹಾಗೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹಾಗಿದ್ದಿರುವ ಸಂಭವವೇ ಜಾಸ್ತಿ ಅನ್ನಿಸಿದರೆ ಸಾಕು. 1964ರಿಂದಲೂ ಇದೇ ನಿಯಮ.

ಇವತ್ತು ಅವನಿಗೆ ವಿಚಾರಣೆ ಅರ್ಥವಾಗುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ, ಕೆಲವು ವಕೀಲರೂ ಸೇರಿ! ಅರ್ಥವಾಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ) 367, 368ನೇ ಕಲಂ ಪ್ರಕಾರ ತಜ್ಞ ವೈದ್ಯರಿಂದ ಪರೀಕ್ಷೆ ಮಾಡಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಿಸಿ. ನಾಟಕವೋ ಅಲ್ಲವೋ ಎಂದು ಹೇಳಬೇಕಾದವರು ಆ ವೈದ್ಯರು, ಠಾಣೆಯವರಲ್ಲ. ಇದರಿಂದ ವಿಚಾರಣೆಯನ್ನು ಮುಂದೂಡಿದರೆ 369ನೇ ಕಲಂನಡಿ ಜಾಮೀನು ಕೇಳಬಹುದು. ಕೇಳದೆ ಸುಮ್ನೆ ಕೂರಬೇಡಿ. ಅಸ್ಸಾಂನ ಮಚಾಂಗ್ ಲಾಲುಂಗ್ ಅವರನ್ನು 1951ರಲ್ಲಿ ಹಿಡಿದು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ವಿಚಾರಣೆ ನಡೆಯಲೇ ಇಲ್ಲ. ಹೊರಗೆ ಬಂದಿದ್ದು 2005ರಲ್ಲಿ, 54 ವರ್ಷದ ಮೇಲೆ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ.

ಕೊನೆಗೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. 22ನೇ ಕಲಂನಡಿ ಖುಲಾಸೆಯಾದರೂ ಅವತ್ತೇ ಮನೆಗೆ ಬರುತ್ತಾನೆ ಅಂತಿಲ್ಲ. ಕೋರ್ಟು ಅವನನ್ನು ಆಸ್ಪತ್ರೆಯಂಥ ಸುರಕ್ಷಿತ ಜಾಗದಲ್ಲಿ ಇರಿಸಬಹುದು. ಮನೆಗೆ ಕಳಿಸಬೇಕೆಂದರೆ, ಯಾರಿಗೂ ತೊಂದರೆಯಾಗದಂತೆ ನೋಡಿಕೊಳ್ಳುತ್ತೇವೆ ಅಂತ ಮನೆಯವರು ಜಾಮೀನು ಬರೆದುಕೊಡಬೇಕು. ಅದಕ್ಕೆ ಯಾರು ಸಹಿ ಹಾಕುತ್ತೀರಿ, ದಿನಾ ಮಾತ್ರೆ ಯಾರು ಕೊಡುತ್ತೀರಿ ಅನ್ನುವುದನ್ನು ಮನೆಯಲ್ಲಿ ಈಗಲೇ ಕೂತು ಮಾತಾಡಿ.