ಹೆಬ್ಬಾತಿನ ದೊಡ್ಡ ಗುಂಪು ಎಣಿಸುವ ಬಗೆ

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಜನವರಿಯ ನೀರುಹಕ್ಕಿ ಗಣತಿಗೆ ಪಟ್ಟೆತಲೆ ಹೆಬ್ಬಾತು ಎಣಿಸಿದಾಗ ಇಬ್ಬರ ಲೆಕ್ಕ ತಾಳೆಯಾಗಲಿಲ್ಲ, ಸರಾಸರಿ ಬರೆಯಬಹುದಾ ಎಂದು ಕೇಳಿದ್ದೀರಿ. ಬೇಡ, ಮತ್ತೆ ಎಣಿಸಿ.

ಮೊದಲು ದುರ್ಬೀನಿನಲ್ಲಿ ಗುಂಪಿನ ಒಂದು ಅಂಚಿನಿಂದ 10 ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೆ ಕೂತ ಮೇಲೆ ಅದೇ ಅಳತೆಯಲ್ಲಿ ಹತ್ತು, ಇಪ್ಪತ್ತು ಎಂದು ಸಾಗಿ. ಗುಂಪು ತುಂಬ ದೊಡ್ಡದಾದರೆ 50ರ ಅಳತೆ ಇಟ್ಟುಕೊಳ್ಳಿ. ನಡುವೆ ದಟ್ಟ, ಅಂಚಿನಲ್ಲಿ ವಿರಳ ಇರುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ, ಹಾಗಾಗಿ ನಡುವಿಗೆ ಬಂದಾಗ ಅಳತೆಯನ್ನು ಹೊಸದಾಗಿ ಹಿಡಿಯಿರಿ. ಕತ್ತು ಬೆನ್ನಿಗೆ ಮಡಚಿ ಮಲಗಿದ ಬಾತು ಮುಂದಿನದರ ಮರೆಯಲ್ಲಿ ಕಾಣುವುದೇ ಇಲ್ಲ. ಸೂರ್ಯ ಬೆನ್ನಿಗಿರುವಂತೆ ಏರಿಯ ಮೇಲೆ ನಿಂತರೆ ಕಾಣುತ್ತದೆ. ಒಬ್ಬರು ಎಣಿಸಲಿ, ಇನ್ನೊಬ್ಬರು ಬರೆದುಕೊಳ್ಳಲಿ.

ಹೊತ್ತೂ ಮುಖ್ಯ. ಇವು ಹೊಲಗಳಿಗೆ ಮೇಯಲು ಹೋಗುತ್ತವೆ. ಒಬ್ಬರು ಬೇಗ, ಇನ್ನೊಬ್ಬರು ತಡವಾಗಿ ಎಣಿಸಿದ್ದರೆ ಎರಡೂ ಲೆಕ್ಕ ಸರಿಯೇ ಇರಬಹುದು! ಆಗ ಸಮಯದ ಸಮೇತ ಎರಡು ಪಟ್ಟಿ ಮಾಡಿ, ಕೂಡಿಸಬೇಡಿ.

ಗುಂಪು ಎದ್ದು ಹಾರಿದರೆ ಫೋಟೊ ತೆಗೆದು, ಆಮೇಲೆ ಪರದೆಯಲ್ಲಿ ಚೌಕ ಹಾಕಿ ಎಣಿಸಿ. ಹಕ್ಕಿ ಪಟ್ಟಿ ದಾಖಲಿಸುವ ಇ-ಬರ್ಡ್‌ ತಾಣದಲ್ಲಿ ಸಂಖ್ಯೆಯ ಬದಲು ‘ಎಕ್ಸ್’ (ಹಕ್ಕಿ ಇತ್ತು, ಎಣಿಸಿಲ್ಲ ಎಂಬ ಗುರುತು) ಮಾತ್ರ ಒತ್ತಬೇಡಿ. ಎಚ್ಚರದ ಅಂದಾಜು ಸಂಖ್ಯೆ ಅದಕ್ಕಿಂತ ಎಷ್ಟೋ ಮೇಲು.