ಖುಲಾಸೆಯಾದ ಮೇಲೂ ರಕ್ತ, ಬೆರಳಚ್ಚಿನ ದಾಖಲೆ ಪೊಲೀಸರ ಬಳಿ ಉಳಿಯುತ್ತದೆಯೇ?

ಹೊಲದ ಬದುವಿನ ಜಗಳದಲ್ಲಿ ತಮ್ಮನನ್ನು ಬಾಗಲಕೋಟೆಯಲ್ಲಿ ಬಂಧಿಸಿ ಬೆರಳಚ್ಚು, ಫೋಟೊ, ರಕ್ತ ತಗೊಂಡಿದ್ದರು, ಈಗ ಖುಲಾಸೆಯಾಗಿದೆ, ದಾಖಲೆ ತಾನಾಗೇ ಅಳಿಯುತ್ತದೆಯೇ ಅಂತ ಕೇಳಿದ್ದೀರಿ. ಹಾಗೆ ನಂಬಿ ಕೂರಬೇಡಿ, ಅರ್ಜಿ ಹಾಕಿ.

2022ರ ದಂಡ ಪ್ರಕ್ರಿಯಾ (ಗುರುತಿಸುವಿಕೆ) ಕಾಯ್ದೆಯ 4ನೇ ಕಲಂ ಪ್ರಕಾರ ಈ ದಾಖಲೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದಲ್ಲಿ 75 ವರ್ಷ ಇರುತ್ತದೆ. ವಿಚಾರಣೆಯಿಲ್ಲದೆ ಬಿಡುಗಡೆಯಾದವರದು, ಖುಲಾಸೆಯಾದವರದು ಮಾತ್ರ ನಾಶವಾಗಬೇಕು. ನಾಶ ಬೇಡ ಎನ್ನುವುದಾದರೆ ಕೋರ್ಟು ಕಾರಣ ಬರೆದು ಆದೇಶಿಸಬೇಕು.

ತೊಡಕು ಇರುವುದು ಷರತ್ತುಗಳಲ್ಲಿ. ಮೇಲ್ಮನವಿಯ ದಾರಿಗಳೆಲ್ಲ ಮುಗಿದಿರಬೇಕು. ಖುಲಾಸೆ ವಿರುದ್ಧ ಸರ್ಕಾರಕ್ಕೆ 90 ದಿನ ಇರುತ್ತದೆ, ಅದಕ್ಕೆ ಮೊದಲೇ ಕೊಟ್ಟ ಅರ್ಜಿ ವಾಪಸ್ ಬರುತ್ತದೆ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ: ಜೈಲು ಶಿಕ್ಷೆಗೆ ಅವಕಾಶವಿರುವ ಯಾವ ಅಪರಾಧದಲ್ಲೂ ಹಿಂದೆ ಶಿಕ್ಷೆಯಾಗಿರಬಾರದು. ಜಾತ್ರೆಯಲ್ಲಿ ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದು, ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದಿದ್ದರೆ ಅದೂ ಶಿಕ್ಷೆಯೇ. ಆದರೆ ಕೋರ್ಟಿನಲ್ಲಿ ರಾಜಿಯಾದ ಕೇಸು ಕಾನೂನಿನಲ್ಲಿ ಖುಲಾಸೆಗೆ ಸಮ. ಬಿ ರಿಪೋರ್ಟ್ (ಕೇಸು ಮುಚ್ಚಲು ಪೊಲೀಸರು ಕೊಡುವ ವರದಿ) ಆಗಿದ್ದರೆ ಅದನ್ನು ಮ್ಯಾಜಿಸ್ಟ್ರೇಟರು ಒಪ್ಪಿದ ಆದೇಶ ಕೈಯಲ್ಲಿರಲಿ.

ನಿಯಮದ ಪ್ರಕಾರ ಅರ್ಜಿ ಹೋಗಬೇಕಾದ್ದು ರಾಜ್ಯದ ನೋಡಲ್ ಅಧಿಕಾರಿಗೆ, ಅಂದರೆ ಈ ಕೆಲಸಕ್ಕೆಂದು ಸರ್ಕಾರ ನೇಮಿಸಿದವರಿಗೆ. ಬೇರೆ ಕೇಸಿಗೆ ಆ ದಾಖಲೆ ತಳಕು ಹಾಕಿಕೊಂಡಿಲ್ಲ ಅಂತ ನೋಡಿ ಅವರು ಬ್ಯೂರೊಗೆ ಶಿಫಾರಸು ಮಾಡುತ್ತಾರೆ. ಎಸ್‌ಪಿ ಕಚೇರಿ ಮೂಲಕ ಕಳಿಸಿ, ಒಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಠಾಣೆ, ಕ್ರೈಂ ನಂಬರ್ (ಠಾಣೆಯ ಎಫ್‌ಐಆರ್ ಸಂಖ್ಯೆ), ಸಿಸಿ ನಂಬರ್ (ಕೋರ್ಟಿನ ಕೇಸು ಸಂಖ್ಯೆ), ದಾಖಲೆ ತೆಗೆದ ದಿನಾಂಕ ಬರೆಯಿರಿ. ತೀರ್ಪಿನ ದೃಢೀಕೃತ ನಕಲು ಲಗತ್ತಿಸಿ. ಕ್ರೈಂ ನಂಬರಿನಲ್ಲಿ ಒಂದಂಕಿ ತಪ್ಪಿದರೂ ಕಡತ ಅಲ್ಲೇ ಕೂರುತ್ತದೆ.

ರಕ್ತದ ವಿಷಯ ಬೇರೆ. ಮಹಿಳೆ, ಮಕ್ಕಳ ಮೇಲಿನ ಅಪರಾಧ ಅಥವಾ ಏಳು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧ ಅಲ್ಲದಿದ್ದರೆ ಬಂಧಿತರು ಈ ಕಾಯ್ದೆಯಡಿ ರಕ್ತ ಕೊಡಲು ಒಲ್ಲೆ ಎನ್ನಬಹುದು. ಆದರೆ ಕೇಸಿನ ಸಾಕ್ಷ್ಯಕ್ಕೆಂದು ವೈದ್ಯರ ಮೂಲಕ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 51ನೇ ಕಲಮಿನಡಿ ತೆಗೆಯಬಹುದು. ಯಾವ ಕಲಮಿನಡಿ ತೆಗೆದರು ಅಂತ ಲಿಖಿತವಾಗಿ ಕೇಳಿ. ಲ್ಯಾಬಿಗೆ ಹೋದ ಮಾದರಿ ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷ್ಯವಾಗಿ ವಶದಲ್ಲಿರುವ ವಸ್ತು. ತೀರ್ಪಿನ ಕೊನೆಯ ಪುಟದಲ್ಲಿ ಅದರ ವಿಲೇವಾರಿ ಆದೇಶ ಇದೆಯೇ ನೋಡಿ.

ತಪ್ಪು ಮಾಡದವನೇ ಕಚೇರಿ ಅಲೆಯಬೇಕಾಗಿರುವುದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. 2008ರಲ್ಲಿ ಎಸ್ ಮತ್ತು ಮಾರ್ಪರ್ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯದ 17 ನ್ಯಾಯಾಧೀಶರೂ ಒಮ್ಮತದಿಂದ, ಶಿಕ್ಷೆಯಾಗದವರ ಡಿಎನ್‌ಎಯನ್ನು ಬ್ರಿಟನ್ ಸಾರಾಸಗಟಾಗಿ ಇಟ್ಟುಕೊಳ್ಳುವುದು ಖಾಸಗಿತನದ ಉಲ್ಲಂಘನೆ ಎಂದರು. ನಮ್ಮಲ್ಲೂ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನ ಮೂಲಭೂತ ಹಕ್ಕು ಎಂದಿದೆ.

ಅರ್ಜಿಗೆ ಉತ್ತರ ಬರದಿದ್ದರೆ ಇದೇ ಆಧಾರದ ಮೇಲೆ ಹೈಕೋರ್ಟಿಗೆ ರಿಟ್ ಹಾಕಬಹುದು. ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ.